ಕೊಚ್ಚಿಗೆ ಹೋಗದ ತಂತಿ

"ತಂತಿ ಕಡಿದು ಹೋಗಿದೆಯಂತೆ. ನಾಳೆವರೆಗೆ ಕೊಚ್ಚಿಗೆ ಎಂತದ್ದೂ ಹೋಗುದಿಲ್ಲ," ಎಂದ ಗುಮಾಸ್ತ ತೀರ್ಥರಾಮ, ಅಂಚೆ ಕಚೇರಿಯಿಂದ ಏದುಸಿರು ಬಿಡುತ್ತ ಬಂದು.

ಪುತ್ತೂರಿನ ಕರಿಮೆಣಸಿನ ವ್ಯಾಪಾರಿ ಮೂಸಕುಂಞಿ ಹೊರಗೆ ನೋಡಿದ. ಅಂಗಡಿಯ ಮುಂದೆ ಸುಳ್ಯದ ಪೂವಮ್ಮ ತಂದ ಎರಡು ಲಾರಿ ನಿಂತಿದ್ದವು. ಅವಳ ಊರಿನ ಏಳು ಮನೆಗಳವರು ಬೆಳೆದ ಐನೂರು ಮಣ ಮೆಣಸು. ಬೆಳಿಗ್ಗೆಯೇ ಧಾರಣೆ ಮಾತಾಗಿತ್ತು.

ಅದು ಐವತ್ತೊಂಬತ್ತನೆಯ ಇಸವಿ. ಎರಡು ವರ್ಷದಿಂದ ಅವನದು ಒಂದೇ ಕ್ರಮ. ಇಲ್ಲಿ ಕೊಂಡಷ್ಟನ್ನೇ ಅದೇ ಗಳಿಗೆಯಲ್ಲಿ ತಂತಿ ಕೊಟ್ಟು ಕೊಚ್ಚಿಯಲ್ಲಿ ಮುಂದಿನ ತಿಂಗಳ ವಾಯಿದೆಗೆ, ಅಂದರೆ ಇಂದೇ ಕುದುರಿದ ದರಕ್ಕೆ ಮುಂದಿನ ತಿಂಗಳು ಕೊಡುವ ಕರಾರಿಗೆ, ಮಾರುವುದು. ಧಾರಣೆ ಬಿದ್ದರೆ ಗೋದಾಮಿನಲ್ಲಿ ಕಳೆದದ್ದು ವಾಯಿದೆಯಲ್ಲಿ ಬರುತ್ತಿತ್ತು. ಏರಿದರೆ ಅಲ್ಲಿ ಹೋದದ್ದು ಇಲ್ಲಿ ಸಿಗುತ್ತಿತ್ತು. ದೊಡ್ಡ ಲಾಭವಿಲ್ಲ, ನಿದ್ದೆಯಿತ್ತು. ಇಂದು ಆ ಆಸರೆ ಇಲ್ಲ. ಧಾರಣೆಯೋ, ನಿನ್ನೆಯಿಂದಲೇ ಜಾರುತ್ತಿತ್ತು.

"ಇನ್ನೂ ತೂಗಲಿಲ್ಲ. ಬೇಡ ಹೇಳಿಬಿಡಿ," ತೀರ್ಥರಾಮ ಪಿಸುಗುಟ್ಟಿದ.

"ನಾಲಗೆ ತೂಗಿ ಆಯ್ತಲ್ಲ ಮಾರಾಯ."

ಪೂವಮ್ಮ ಒಳಬಂದಳು. "ಎಂತ ಸಾವ್ಕಾರ್ರೆ, ನಿಮ್ಮ ತಕ್ಕಡಿ ಏಳ್ಲಿಕ್ಕೂ ತಂತಿ ಬೇಕಾ?"

ಅವನು ಮುಚ್ಚಿಡಲಿಲ್ಲ. "ಮಣಕ್ಕೆ ನಾಲ್ಕು ರೂಪಾಯಿ ಬಿದ್ದರೆ ಅಂಗಡಿಗೆ ಬೀಗ ಪೂವಮ್ಮಕ್ಕ. ಆದ್ರೂ ಕೊಟ್ಟ ಮಾತು ಉಂಟು. ತೂಗುವ."

ಅವಳು ಮೂಟೆಯೊಂದರ ಮೇಲೆ ಕುಳಿತುಬಿಟ್ಟಳು.

"ನಿಮ್ಮ ಅಂಗಡಿ ಮುಚ್ಚಿದ್ರೆ ಬರುವ ವರ್ಷ ನಾವು ಎಲ್ಲಿಗೆ ಹೋಗುದು?" ಎಂದಳು. "ನಾವು ಗದ್ದೆಗೆ ಭತ್ತದ ನೇಜಿ ಎಲ್ಲ ಒಂದೇ ದಿನ ಹಾಕುದಿಲ್ಲ. ಅರ್ಧ ಮೊದಲು, ಅರ್ಧ ಹದಿನೈದು ದಿನ ಬಿಟ್ಟು. ಮಳೆ ಒಂದನ್ನು ತಿಂದ್ರೆ ಇನ್ನೊಂದು ಉಳೀತದೆ. ಅರ್ಧ ಮೆಣಸಿಗೆ ಇವತ್ತಿನ ಧಾರಣೆ ಕೊಡಿ. ಅರ್ಧಕ್ಕೆ ತಂತಿ ಸರಿಯಾದ ದಿನದ್ದು."

"ಇಳಿದ್ರೆ?"

"ಅರ್ಧ ನಮ್ಮ ತಲೆಗೆ. ಏರಿದ್ರೂ ಅರ್ಧ ನಮಗೇ, ಹ್ಞಾಂ!"

ಇನ್ನೂರೈವತ್ತು ಮಣ ತೂಗಿ ಆಯಿತು. ಉಳಿದದ್ದು ಲಾರಿಯಲ್ಲೇ ಉಳಿಯಿತು. ಪೂವಮ್ಮ ಪೇಟೆಯ ನೆಂಟರಲ್ಲಿಗೆ ಹೋದಳು.

ಮರುದಿನ ಮಧ್ಯಾಹ್ನದ ನಮಾಜು ಮುಗಿಸಿ ಮೂಸಕುಂಞಿ ಮಸೀದಿಯ ಮೆಟ್ಟಿಲಿಳಿಯುವಾಗ ತೀರ್ಥರಾಮ ಕೊಚ್ಚಿಯಿಂದ ಬಂದ ತಂತಿಯ ಕಾಗದ ಹಿಡಿದು ನಿಂತಿದ್ದ. ಮುಖ ನೋಡಿದರೇ ತಿಳಿಯುತ್ತಿತ್ತು. ಮಣಕ್ಕೆ ನಾಲ್ಕೂವರೆ ರೂಪಾಯಿ ಇಳಿದಿತ್ತು.

ಮೂಸಕುಂಞಿ ಅಲ್ಲೇ ಲೆಕ್ಕ ಹಾಕಿದ. ಅರ್ಧದ ಪೆಟ್ಟು, ನೋವಾಗುತ್ತದೆ, ಆದರೆ ಅಂಗಡಿ ನಿಲ್ಲುತ್ತದೆ. ಇನ್ನಷ್ಟು ಇಳಿಯುವ ಮೊದಲು ಐನೂರು ಮಣವನ್ನೂ ವಾಯಿದೆಗೆ ಮಾರಲು ಕೊಚ್ಚಿಗೆ ತಂತಿ ಕೊಡಿಸಿದ. ಆಮೇಲೆ ಪೂವಮ್ಮನಿಗೆ ಹೇಳಿಕಳಿಸಿದ.

ಅವಳು ಬಂದಳು, ಧಾರಣೆ ಕೇಳಿಕೊಂಡಳು.

"ಏಳು ಮನೆಯವರಿಗೆ ಎಂತ ಹೇಳ್ತೀರಿ?" ಎಂದ ಮೂಸಕುಂಞಿ.

"ಅರ್ಧ ಉಳೀತು ಅಂತ." ಅವಳು ಸೆರಗು ಸಿಕ್ಕಿಸಿಕೊಂಡು ತಕ್ಕಡಿಯ ಪಕ್ಕಕ್ಕೇ ಹೋಗಿ ನಿಂತಳು. "ಧಾರಣೆ ಇಳಿದದ್ದು ಸಾಕು ಸಾವ್ಕಾರ್ರೆ, ತೂಕ ಇಳಿಯುದು ಬೇಡ. ತೂಗಿ."