ಎಡದಿಂದ ಎಣಿಸಿದ ತೂಬು

ಶಶಿಕುಮಾರ ಒಂದು ಕೈಯಲ್ಲಿ ಹಾಳೆ, ಇನ್ನೊಂದರಲ್ಲಿ ಹಾರೆ ಹಿಡಿದು ಬಂದಾಗ ನಾಲೆಯ ತೂಬು ತೆಗೆದು ಮುಚ್ಚುವ ನೀರುಗಂಟಿ ಬೈರಯ್ಯ ಹಿತ್ತಲ ಒಗೆಯೋ ಕಲ್ಲಿನ ಮೇಲೆ ಕೂತು ಕಾಲು ತೊಳೆಯುತ್ತಿದ್ದ. ಮಗಳು ನಾಗಲಕ್ಷ್ಮಿ ಹಾಸನದ ಬಸ್ಸಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟುತ್ತಿದ್ದಳು. ಆ ಹಾಳೆ ಯಾವುದೆಂದು ಅವಳಿಗೆ ದೂರದಿಂದಲೇ ಗೊತ್ತಾಯಿತು. ಯಾವ ತೂಬು ಯಾವಾಗ ಎತ್ತಿತ್ತು ಎಂಬ ಆ ಲೆಕ್ಕವನ್ನು ನೀರು ಬಳಕೆದಾರರ ಸಂಘದ ಗೋಡೆಗೆ ನಿನ್ನೆ ಅಂಟಿಸಿದ್ದವಳು ಅವಳೇ.

“ಮೂರ್ನೇ ತೂಬು, ಗುರುವಾರ, ಅನ್ನೊಂದ್ ಗಂಟೆ ಅತ್ತು ನಿಮ್ಸ,” ಎಂದು ಶಶಿಕುಮಾರ ಓದಿದ. “ಮೂರ್ನೇದು ಯಾರ್ದ್ಲಾ ಬೈರ?”

“ನಂದೇ ಗೌಡ್ರೆ. ಆದ್ರೆ ಅವತ್ತು ನಾನು ತೆಗೀನಿಲ್ಲ.”

“ತೆಗೀದಿದ್ರೆ ನನ್ ತಮ್ಮ ಎಂಗ್ಲಾ ಸತ್ತ?”

ಜೊತೆಗೆ ಬಂದಿದ್ದ ಇಬ್ಬರು ಬೈರಯ್ಯನ ಬಲಗೈಯನ್ನು ಕಲ್ಲಿನ ಮೇಲೆ ಅಮುಕಿ ಹಿಡಿದರು. ಆ ಕೈ ಮೇಲೆ ಹಾರೆ ಬಿತ್ತು. ನಾಗಲಕ್ಷ್ಮಿ ಓಡಿಹೋಗಿ ಶಶಿಕುಮಾರನ ಅಂಗಿ ಜಗ್ಗಿದಳು. ಅವನು ಮೊಣಕೈಯಲ್ಲಿ ಬಾಯಿಗೇ ತಿವಿದ. ತುಟಿ ಸೀಳಿ ಅವಳು ಕೆಳಗೆ ಬಿದ್ದಾಗ ಹಾರೆ ಎರಡನೇ ಸಲ ಏಳುತ್ತಿತ್ತು. ಬೆರಳುಗಳು ಯಾವುದು, ಅಂಗೈ ಯಾವುದು ಎಂದು ತಿಳಿಯದ ಹಾಗಾಯಿತು. ಅಷ್ಟರಲ್ಲಿ ಒಳಗಿಂದ ಮಾದಮ್ಮ ಕುಡುಗೋಲು ಹಿಡಿದು ಬಂದವಳೇ, ಗಂಡನ ಕೈ ಹಿಡಿದಿದ್ದವನೊಬ್ಬನ ಹೆಗಲಿಗೆ ಬೀಸಿದಳು. ಅವನು ಕೂಗಿಕೊಂಡ. ರಕ್ತ ನೋಡಿ ಮೂವರೂ ಕಾಲು ಕಿತ್ತರು.

ಸತ್ತವನು ನಟರಾಜ, ಶಶಿಕುಮಾರನ ತಮ್ಮ. ಹಳೇಕೋಟೆ ರಸ್ತೆಯ ಮೋರಿಯೊಳಗೆ ತೂರಿಕೊಂಡು ಕಟ್ಟಿದ್ದ ಜೊಂಡು ಕೀಳುತ್ತಿದ್ದ. ನಾಲೆಯ ನೀರು ನಿಂತಿದೆ ಎಂದು ನಂಬಿದ್ದ. ಮೇಲಿಂದ ಯಾರೋ ತೂಬು ಎತ್ತಿದರು. ನೀರು ಅವನನ್ನು ಜೊಂಡಿನ ಸಮೇತ ಮೋರಿಯೊಳಗೇ ಜಡಿದುಬಿಟ್ಟಿತು. ಹೆಣ ತೆಗೆಯಲು ಮೋರಿ ಒಡೆಯಬೇಕಾಯಿತು. ಆ ಮೋರಿಗೆ ಮೂರನೇ ತೂಬಿನ ನೀರೂ ಬರುತ್ತದೆ, ಆರನೆಯದೂ ಬರುತ್ತದೆ.

ನಾಲೆಯ ಎಂಟೂ ತೂಬುಗಳಿಗೆ ಸೇರಿ ಒಂದು ಯಂತ್ರದ ಪೆಟ್ಟಿಗೆ ಕೂರಿಸಿದ್ದರು. ಐದೈದು ನಿಮಿಷಕ್ಕೆ ಅದು ಲೆಕ್ಕ ಬರೆಯುತ್ತದೆ. ಅಕ್ಷರದಲ್ಲಲ್ಲ, ಬರೀ ಸೊನ್ನೆ ಒಂದುಗಳಲ್ಲಿ. ಅದನ್ನು ಬಿಡಿಸಿ ಮನುಷ್ಯರು ಓದುವ ಹಾಗೆ ಮಾಡುವುದು ಹಾಸನದ ಆಫೀಸಿನಲ್ಲಿ ನಾಗಲಕ್ಷ್ಮಿಯ ಕೆಲಸ. ಮೊದಮೊದಲು ಒಂದೊಂದು ನಾಲೆಗೂ ನೂರಾರು ಸಾಲು ಪ್ರೋಗ್ರಾಮು ಬರೆದು ಸಾಕಾಗಿ, ಅವಳು ತನ್ನದೇ ಒಂದು ಪುಟ್ಟ ಬರವಣಿಗೆ ಕಟ್ಟಿಕೊಂಡಳು. ‘ಸಮಯ ನಾಲ್ಕು ಬೈಟು, ಎತ್ತರ ಎರಡು, ತೂಬು ಒಂದು’ ಎಂದು ಒಂದೇ ಸಾಲು ಬರೆದರೆ, ಅವಳ ಮ್ಯಾಕ್ರೋ ಆ ಸಾಲನ್ನು ನುಂಗಿ ಉಳಿದ ನೂರು ಸಾಲನ್ನೂ ತಾನೇ ಹೊಸೆದು ಕೊಡುತ್ತಿತ್ತು. ನಲವತ್ತು ನಾಲೆಗೆ ಒಂದೇ ಮ್ಯಾಕ್ರೋ. ಆಫೀಸಿನವರು ಬೆನ್ನು ತಟ್ಟಿದ್ದೇ ತಟ್ಟಿದ್ದು. ಅವಳಿಗೂ ಸ್ವಲ್ಪ ತಲೆ ತಿರುಗಿತ್ತು, ಸುಳ್ಳೇಕೆ.

ಭಾನುವಾರವೇ ಅಪ್ಪನಿಗೆ ಹೇಳಿದ್ದಳು, ಗುರುವಾರ ಎತ್ತಿದ್ದು ಮೂರನೆಯದು ಎಂದು ಬಂದಿದೆಯಪ್ಪ ಎಂದು.

“ನಾನು ತೆಗೀನಿಲ್ಲ ಕಣವ್ವ. ಬುಧವಾರ ಬೆಳಗ್ಗೆ ಏಳ್ಗಂಟೆಗೆ ಮೂರ್ನೇದೊಂದೇ ತೆಗ್ದಿದ್ದೆ. ಅದ್ಕೆ ಏನಂತದೆ ನೋಡು ನಿನ್ ಪೆಟ್ಗೆ.”

“ಪೆಟ್ಟಿಗೆ ಸುಳ್ಳು ಹೇಳಲ್ಲಪ್ಪ. ನಿಂಗೇ ಮರೆತಿರಬೇಕು.”

ಅವಳು ಬುಧವಾರದ್ದು ನೋಡಲಿಲ್ಲ. ಬೈರನ ಮಗಳು ಅಪ್ಪನ ತಪ್ಪು ಮುಚ್ಚಿಟ್ಟಳು ಎಂದು ಊರಲ್ಲಿ ಯಾರೂ ಆಡಬಾರದು, ಅದೊಂದೇ ಅವಳ ತಲೆಯಲ್ಲಿ. ಸೋಮವಾರ ಬೆಳಗ್ಗೆ ಹೋಗಿ ಅಂಟಿಸಿ ಬಂದಳು.

ಈಗ ಹಾಸನದ ಆಸ್ಪತ್ರೆಯ ಬೆಂಚಿನ ಮೇಲೆ, ಒಳಗೆ ಡಾಕ್ಟರು ಅಪ್ಪನ ಕೈಯನ್ನು ಮಣಿಕಟ್ಟಿನವರೆಗೆ ಕತ್ತರಿಸುತ್ತಿರುವಾಗ, ಲ್ಯಾಪ್‌ಟಾಪು ಬಿಚ್ಚಿ ಬುಧವಾರ ಏಳು ಗಂಟೆ ಹುಡುಕಿದಳು. ಆರನೇ ತೂಬು ಎಂದಿತ್ತು.

ಒಂದು ಬೈಟಿನಲ್ಲಿ ಸೊನ್ನೆಯೋ ಒಂದೋ ಕೂರುವ ಎಂಟು ಮನೆ, ಮನೆಗೊಂದು ತೂಬು. ಪುಸ್ತಕ ಓದುವ ಹಾಗೆ ಅವಳ ಮ್ಯಾಕ್ರೋ ಎಡದಿಂದ ಎಣಿಸುತ್ತಿತ್ತು. ಪೆಟ್ಟಿಗೆ ಎಣಿಸುತ್ತಿದ್ದುದು ಬಲದಿಂದ. ಮೂರು ಆರಾಗುತ್ತದೆ, ಆರು ಮೂರಾಗುತ್ತದೆ. ಪರೀಕ್ಷೆ ಮಾಡಿರಲಿಲ್ಲವೇ ಎಂದರೆ, ಮಾಡಿದ್ದಳು. ನಾಲೆಗೆ ನೀರು ಬಿಟ್ಟ ದಿನದ ಲೆಕ್ಕದಲ್ಲಿ ಮಾಡಿದ್ದಳು. ಆ ದಿನ ಪೂಜೆ ಮುಗಿಸಿ ತಲೆಯ ತೂಬನ್ನೂ ಬಾಲದ ತೂಬನ್ನೂ ಒಟ್ಟಿಗೆ ಎತ್ತುವುದು ಇಲ್ಲಿನ ಪದ್ಧತಿ, ಕೊನೆಯವರು ಜಗಳ ತೆಗೆಯದಿರಲೆಂದು. ಒಂದು ಮತ್ತು ಎಂಟು. ಯಾವ ಕಡೆಯಿಂದ ಎಣಿಸಿದರೂ ಅಷ್ಟೇ.

ಮರುದಿನ ಹತ್ತು ಗಂಟೆಗೆ ಸಂಘದ ಗೋಡೆಗೆ ಹೊಸ ಹಾಳೆ ಅಂಟಿಸುತ್ತಿದ್ದಾಗ ಬೆನ್ನ ಹಿಂದೆ ಶಶಿಕುಮಾರ ಬಂದು ನಿಂತ. ಓದಿದ. ಆರನೇ ತೂಬಿನ ಪಕ್ಕದಲ್ಲೇ ಅವನ ಶುಂಠಿ ಹೊಲ.

“ಅವತ್ತು ಆರ್ನೇದು ಎತ್ತಿದ್ದು ಯಾರು ಗೌಡ್ರೆ?” ಎಂದು ನಾಗಲಕ್ಷ್ಮಿ ಕೇಳಿದಳು. ಒಡೆದ ತುಟಿಯಲ್ಲಿ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

ಅವನು ಅವಳ ಕತ್ತು ಹಿಡಿದು ಗೋಡೆಗೆ ಒತ್ತಿದ. ಅವಳ ಹಿಮ್ಮಡಿ ನೆಲ ಬಿಟ್ಟಿತು, ಕಣ್ಣು ಕತ್ತಲೆಗಟ್ಟಿತು. ಆದರೂ ಅವನ ಮುಖದಿಂದ ಕಣ್ಣು ಕೀಳಲಿಲ್ಲ. ಅವನಿಗೇ ನೋಡಲಾಗಲಿಲ್ಲ. ಕೈ ಸಡಿಲಾಯಿತು.

“ಒಂದ್ ಗೇಣು ಕಣಮ್ಮಿ. ಶುಂಠಿ ಬಾಡ್ತಿತ್ತು, ಒಂದ್ ಗೇಣು ಎತ್ತಿದ್ದೆ. ಅವ್ನು ಮೋರೀಲವ್ನೆ ಅಂತ ಗೊತ್ತಿರ್ನಿಲ್ಲ. ನಾನೇ ಕೊಂದ್ನೇನೋ ಅಂತ ನಾಲ್ಕು ದಿನ ಅನ್ನ ಇಳೀನಿಲ್ಲ. ನೀನು ಅಂಟ್ಸಿದ್ ಆಳೆ ನೋಡಿದ್ಮೇಲೇ ಉಸ್ರು ಬಂದಿದ್ದು.”

ಅಷ್ಟು ಹೇಳಿ ಹಣೆಯನ್ನು ಗೋಡೆಗೆ ಬಡಿದುಕೊಂಡ. ಮತ್ತೆ ಬಡಿದುಕೊಂಡ. ಹೊಸ ಹಾಳೆಯ ಮೇಲೆ ರಕ್ತ ಇಳಿಯಿತು. ನಾಗಲಕ್ಷ್ಮಿ ತಡೆಯಲಿಲ್ಲ. ಅವಳಿಗೆ ಅವನ ಮೇಲೆ ಸಿಟ್ಟಿತ್ತು, ತನ್ನ ಮೇಲೆ ಅದಕ್ಕಿಂತ ಹೆಚ್ಚಿತ್ತು. ಬಸ್ಸು ಹಿಡಿದು ಆಸ್ಪತ್ರೆಗೆ ಹೋದಳು.

ಬೈರಯ್ಯನಿಗೆ ಎಚ್ಚರವಿತ್ತು.

“ಬುಧವಾರದ್ದು ನೋಡ್ದಾ ಮಗಾ?”

“ನೋಡ್ದೆ ಅಪ್ಪ.”

“ಏನಂತು?”

“ನೀನು ಹೇಳಿದ್ದೇ ಸರಿ ಅಂತು. ಏಳು ಗಂಟೆ, ಮೂರ್ನೇದು.”

“ಊಂ,” ಎಂದ ಬೈರಯ್ಯ. ಅವಳು ಅಳುವುದನ್ನು ಕಂಡು ತಲೆ ಸವರಲು ಬಲಗೈ ಎತ್ತಿದ. ಬ್ಯಾಂಡೇಜಿನ ಮೋಟು ಅವಳ ಕೂದಲಿಗೆ ತಗುಲಿತು. ಅದನ್ನೇ ಒಂದು ಗಳಿಗೆ ನೋಡಿ, ಕೆಳಗಿಳಿಸಿ, ಎಡಗೈ ಚಾಚಿದ.