ಅರ್ಲೀನಳ ಮೂರು ಕೂಗು

ಏಪ್ರಿಲ್ ತಿಂಗಳ ಎಂಟು, ಶನಿವಾರ. ಬೆಳಿಗ್ಗೆ ಹತ್ತರ ಹೊತ್ತು. ನಮ್ಮ ಹಿಕರಿ ಬೀದಿಯ ಡಾಗ್‌ವುಡ್ ಮರಗಳು ಆಗಷ್ಟೇ ಬೆಳ್ಳಗೆ ಹೂ ಬಿಟ್ಟಿದ್ದವು. ನಾನು ಜಗಲಿಯಲ್ಲಿ ಕೂತು ಗೆಣಸಿನ ಸಿಪ್ಪೆ ತೆಗೆಯುತ್ತಿದ್ದೆ. ಎದುರುಮನೆಯ ಅರ್ಲೀನ್ ಕೂಗಿದ್ದು ಕೇಳಿಸಿತು.

"ಅವನಿಗೆ ಕಿವಿ ಕೇಳ್ಸಲ್ಲ."

ಮತ್ತೆ ಅದೇ ಮಾತು. ಮೂರನೇ ಸಲ ಕೂಗುವಷ್ಟರಲ್ಲಿ ಅವಳ ದನಿ ಒಡೆದಿತ್ತು. ನನ್ನ ಮೊಣಕಾಲು ನೆಟ್ಟಗಿಲ್ಲ. ನಾಲ್ಕು ಮೆಟ್ಟಿಲು ಇಳಿಯುವುದರೊಳಗೆ ಆಗಬಾರದ್ದು ಆಗಿಹೋಗಿತ್ತು. ಅವಳ ತಮ್ಮ ಹೋರೇಸ್ ಮಕಾಡೆ ಬಿದ್ದಿದ್ದ. ಅವನ ಬೆನ್ನ ಮೇಲೆ ಒಬ್ಬ ಪೊಲೀಸಿನ ಮೊಣಕಾಲಿತ್ತು.

ಹೋರೇಸನಿಗೆ ಅರವತ್ತೊಂದು ವರ್ಷ. ಮೂರನೇ ವಯಸ್ಸಿನಲ್ಲಿ ಬಂದ ಜ್ವರ ಅವನ ಕಿವಿಯನ್ನು ತೆಗೆದುಕೊಂಡು ಹೋಯಿತು. ಅವನು ಬೆತ್ತದ ಕುರ್ಚಿ ಹೆಣೆಯುತ್ತಾನೆ. ನಮ್ಮ ಚರ್ಚಿನಲ್ಲಿ ನಾವು ಕೂರುವ ಕುರ್ಚಿಗಳಲ್ಲಿ ಅರ್ಧದಷ್ಟು ಅವನ ಕೈಯವೇ. ಆ ದಿನ ಅವನ ಶೆಡ್ಡಿನ ಬಾಗಿಲು ಸಿಕ್ಕಿಕೊಂಡಿತ್ತು. ಸುತ್ತಿಗೆಯಿಂದ ಬಡಿದು ತೆಗೆಯುತ್ತಿದ್ದ. ಮೂಲೆಮನೆಗೆ ಹೊಸದಾಗಿ ಬಂದ ಬಾಡಿಗೆಯವರು ಅದನ್ನು ನೋಡಿ, ಯಾರೋ ಬಾಗಿಲು ಒಡೆಯುತ್ತಿದ್ದಾನೆ ಅಂದುಕೊಂಡು ಫೋನ್ ಮಾಡಿದರು. ಪೊಲೀಸರು ಬಂದರು. ಹಿಂದಿನಿಂದ "ಸುತ್ತಿಗೆ ಕೆಳಗೆ ಹಾಕು" ಅಂದರು. ಹೋರೇಸ್ ಬಡಿಯುತ್ತಲೇ ಇದ್ದ. ನೆರಳು ಕಂಡು ತಿರುಗಿದ. ಕೈಯಲ್ಲಿ ಸುತ್ತಿಗೆ, ಮುಖದಲ್ಲಿ ನಗು.

ಅವನ ಬಲಗೈ ಮಣಿಕಟ್ಟು ಮುರಿಯಿತು. ಅದರ ಮೇಲೆ ಒಂದು ಕೇಸು. ಪೊಲೀಸರ ಮಾತು ಕೇಳಲಿಲ್ಲ, ಕೆಲಸಕ್ಕೆ ಅಡ್ಡಿ ಮಾಡಿದ ಅಂತ. ಅವರು ಬರೆದ ಕಾಗದದಲ್ಲಿ ಒಂದು ಸಾಲಿತ್ತು: ಈತನಿಗೆ ಕಿವಿ ಕೇಳಿಸುವುದಿಲ್ಲವೆಂದು ಸ್ಥಳದಲ್ಲಿ ಯಾರೂ ತಿಳಿಸಲಿಲ್ಲ.

ಮೂರು ಸಲ ಕೂಗಿದ ಅರ್ಲೀನ್ ಆ ಸಾಲನ್ನು ಓದಿ ಬಾಯಿ ಮುಚ್ಚಿದಳು. ಹತ್ತು ದಿನ ಜಗಲಿಯಲ್ಲಿ ಕೂರಲೇ ಇಲ್ಲ.

ಹನ್ನೊಂದನೇ ದಿನ ವರ್ಡೆಲ್ ಒಂದು ತಟ್ಟೆ ಮೆಕ್ಕೆಜೋಳದ ಕಾರ್ನ್‌ಬ್ರೆಡ್ ಹಿಡಿದುಕೊಂಡು ಬಂದಳು. ವರ್ಡೆಲ್ ನಮ್ಮ ಬೀದಿ ಸಂಘದ ಮುಖ್ಯಸ್ಥೆ. ಇಪ್ಪತ್ತೆಂಟು ವರ್ಷ ಸಿಟಿ ಬಸ್ಸು ಓಡಿಸಿದವಳು. ಅವಳು ಪಿಸುಗುಟ್ಟಿದರೂ ಕೊನೇ ಸೀಟಿಗೆ ಕೇಳಿಸುತ್ತದೆ. ನನ್ನನ್ನೂ ಕೈಸನ್ನೆ ಮಾಡಿ ಕರೆದಳು.

"ದೂರು ಕೊಟ್ಟಿದೀಯಾ ಅರ್ಲೀನ್?"

"ಕೊಟ್ಟೆ ಅಕ್ಕ. ಸೋಮವಾರವೇ ಠಾಣೆಗೆ ಹೋಗಿದ್ದೆ. ಮುಂದಿನ ಮೇಜಿನ ಸಾರ್ಜೆಂಟು ಒಳ್ಳೇವ್ನು. ಕುರ್ಚಿ ಕೊಟ್ಟ, ಕಾಫಿ ಕೊಟ್ಟ. 'ನಾನು ಮಾತಾಡ್ತೀನಮ್ಮ' ಅಂದ."

"ಬರ್ಕೊಂಡ್ನಾ?"

"ತಲೆ ಆಡಿಸ್ದ."

"ತಲೆ ಆಡ್ಸಿದ್ದಕ್ಕೆ ರಸೀದಿ ಸಿಗಲ್ಲ ಕಣೆ."

ಇದು ನಮ್ಮ ಬೀದಿಯವರೆಲ್ಲ ಮಾಡುವ ತಪ್ಪು. ಠಾಣೆಗೆ ಹೋಗಿ ಹೇಳಿಕೊಂಡು ಬಂದರೆ ದೂರು ಕೊಟ್ಟ ಹಾಗೆ ಅಂದುಕೊಳ್ಳುತ್ತೇವೆ. ಕಾಫಿ ಕುಡಿದು ಮನೆಗೆ ಬರುತ್ತೇವೆ.

ಅರ್ಲೀನ್ ಕಾರ್ನ್‌ಬ್ರೆಡ್ಡನ್ನು ಮುಟ್ಟಲಿಲ್ಲ. "ಬೇಲೀನೇ ಎದ್ದು ಹೊಲ ಮೇಯ್ದ ಮೇಲೆ ಇನ್ಯಾರ ಹತ್ರ ಹೇಳೋದು? ನೀನೇ ಹೇಳು."

"ಬೇಲಿ ಹಾಕಿಸಿದೋರ ಹತ್ರ. ಪೊಲೀಸರನ್ನ ಇಟ್ಟಿರೋದು ನಗರಸಭೆ. ಅವರ ಮೇಲೊಂದು ಕಣ್ಣಿರ್ಲಿ ಅಂತ ನಗರಸಭೇನೇ ಒಂಬತ್ತು ಜನರ ಮಂಡಳಿ ಮಾಡಿದೆ. ನಾಗರಿಕರ ಮೇಲ್ವಿಚಾರಣಾ ಮಂಡಳಿ. ಒಬ್ಬರೂ ಪೊಲೀಸರಲ್ಲ. ಗ್ರಂಥಾಲಯದ ಮಹಡೀಲಿ ಕಚೇರಿ ಇದೆ. ಬಸ್ಸಿಂದ ಇಳಿದ್ರೆ ಎದುರಿಗೇ."

"ಯಾರಪ್ಪಾ ಆ ಒಂಬತ್ತು ಜನ ದೊಡ್ಡ ಮನುಷ್ಯರು?"

"ಒಬ್ಬ ಕ್ಷೌರದಂಗಡಿಯೋನು. ಒಬ್ಬಳು ಸ್ಕೂಲಲ್ಲಿ ಅಡುಗೆ ಮಾಡ್ತಾಳೆ."

ಅರ್ಲೀನ್ ಅಷ್ಟು ದಿನದ ಮೇಲೆ ಮೊದಲ ಸಲ ನಕ್ಕಳು. ಒಳ್ಳೆಯ ನಗುವಲ್ಲ. "ಅಡುಗೆಯವಳು ಹೋಗಿ ಪೊಲೀಸರನ್ನ ಪ್ರಶ್ನೆ ಕೇಳ್ತಾಳಾ?"

"ಕೇಳ್ತಾಳೆ. ಪೊಲೀಸ್ ಮುಖ್ಯಸ್ಥ ಎದ್ದು ನಿಂತು ಉತ್ತರ ಕೊಡ್ತಾನೆ."

"ವರ್ಡೆಲಕ್ಕ, ನಿನ್ನ ಬಸ್ಸು ರಸ್ತೆ ಬಿಟ್ಟು ಹೋಗ್ತಿದೆ."

ನಿಜ ಹೇಳಬೇಕೆಂದರೆ ನನಗೂ ನಂಬಿಕೆ ಬರಲಿಲ್ಲ. ನಾನು ಅಲಬಾಮದಲ್ಲಿ ಹುಟ್ಟಿದ ಕಪ್ಪುಜನಾಂಗದವನು. ಬಿಳಿಯ ಷೆರಿಫ್, ಅಂದರೆ ಅಲ್ಲಿನ ಪೊಲೀಸ್ ಅಧಿಕಾರಿ, ಎದುರು ಬಂದರೆ ನನ್ನಪ್ಪ ಹ್ಯಾಟು ತೆಗೆದು ಚರಂಡಿಗೆ ಇಳಿದು ನಿಲ್ಲುತ್ತಿದ್ದ. ನನ್ನ ಕೈಯನ್ನೂ ಎಳೆದು ಇಳಿಸುತ್ತಿದ್ದ. ತಲೆ ಕಲಿತದ್ದು ಮರೆತುಹೋಗಬಹುದು, ಕಾಲು ಕಲಿತದ್ದು ಮರೆಯುವುದಿಲ್ಲ.

ವರ್ಡೆಲ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಇಲ್ಕೇಳು. ಆ ಪೊಲೀಸಿನ ಎದೆ ಮೇಲೆ ಬೆಂಕಿಪೊಟ್ಟಣದಷ್ಟು ಒಂದು ಕ್ಯಾಮೆರಾ ಇತ್ತು. ಚಿತ್ರಾನೂ ಹಿಡಿಯತ್ತೆ, ದನೀನೂ ಹಿಡಿಯತ್ತೆ. ಅದನ್ನ ತೊಂಬತ್ತು ದಿನ ಇಟ್ಟಿರ್ತಾರೆ. ಯಾರೂ ಕೇಳ್ದಿದ್ರೆ ಅಳಿಸಿ ಹಾಕ್ತಾರೆ. ಮಂಡಳಿ ಬೇಕು ಅಂದ್ರೆ ಅಳಿಸೋ ಹಾಗಿಲ್ಲ."

ಅರ್ಲೀನ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಕೇಳಿದಳು. "ಅಂದ್ರೆ ನಾನು ಕೂಗಿದ್ದು ಅದರೊಳಗಿದೆಯಾ?"

"ಮೂರು ಸಲಾನೂ ಇರಬೇಕು. ಜುಲೈ ಏಳನೇ ತಾರೀಖಿನವರೆಗೆ."

ಅರ್ಲೀನ್ ಕೈ ಒರೆಸಿಕೊಂಡು ಪೆನ್ನು ತಂದಳು.

ವರ್ಡೆಲ್ ಬರೆದಳು. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ನೋಡಿದವರು ಯಾರು, ಕೇಳಿದವರು ಯಾರು. ಪೊಲೀಸಿನ ಬಿಲ್ಲೆಯ ನಂಬರ್ ಅರ್ಲೀನಳಿಗೆ ಗೊತ್ತಿರಲಿಲ್ಲ. ಗಾಡಿಯ ನಂಬರ್ ನನಗೆ ಗೊತ್ತಿತ್ತು. ನಾಲ್ಕುನೂರ ಹದಿನೇಳು. ಅಕ್ಷರ ನನ್ನನ್ನು ಅಷ್ಟಾಗಿ ಹಚ್ಚಿಕೊಂಡಿಲ್ಲ, ಆದರೆ ಕಬ್ಬಿಣದ ಕಾರ್ಖಾನೆಯಲ್ಲಿ ನಲವತ್ತು ವರ್ಷ ನಂಬರು ನೋಡಿದವನು ನಾನು. "ಗಾಡಿ ನಂಬರ್ ಇದ್ರೆ ಬಿಲ್ಲೆ ನಂಬರ್ ಅವರೇ ಹುಡುಕ್ತಾರೆ" ಅಂದಳು ವರ್ಡೆಲ್.

ಬರೆಯುತ್ತಾ ಬರೆಯುತ್ತಾ ಅವಳ ಕೈ ನಿಂತಿತು. "ಒಂದು ಮಾತು. ಆ ಮೂಲೆಮನೆ ಬಾಗಿಲಿಗೆ 'ಅನುಮಾನ ಬಂದರೆ ಫೋನ್ ಮಾಡಿ' ಅಂತ ಚೀಟಿ ಅಂಟಿಸಿದ್ದು ನಾನೇ. ಫೋನ್ ನಂಬರ್ ಕೊಟ್ಟೆ. ಬೀದೀಲಿ ಯಾರ್ಯಾರಿದಾರೆ ಅಂತ ಹೇಳಿಕೊಡ್ಲಿಲ್ಲ."

ಅರ್ಲೀನ್ ಒಂದು ತುಂಡು ಕಾರ್ನ್‌ಬ್ರೆಡ್ ಮುರಿದು ವರ್ಡೆಲಳ ಮುಂದಿಟ್ಟಳು.

ದೂರನ್ನು ಕಚೇರಿಗೆ ಕೊಟ್ಟು ರಸೀದಿ ತಂದೆವು, ಆದರೆ ಚಿತ್ರ ಉಳಿಸಿ ಅನ್ನಬೇಕಾದರೆ ಮಂಡಳಿಯ ಸಭೆಯಲ್ಲೇ ತೀರ್ಮಾನ ಆಗಬೇಕಂತೆ. ಆ ಸಭೆ ಪ್ರತಿ ತಿಂಗಳ ಎರಡನೇ ಮಂಗಳವಾರ, ಸಂಜೆ ಆರಕ್ಕೆ. ಮೇ ತಿಂಗಳ ಸಭೆಗೆ ಚರ್ಚಿನವರು ನಲವತ್ತು ಜನ ಹೋದೆವು. ಮಾತಾಡುವವರು ಮೊದಲೇ ಹೆಸರು ಬರೆದು ಚೀಟಿ ಕೊಡಬೇಕು. ಒಬ್ಬರಿಗೆ ಮೂರು ನಿಮಿಷ. ಮುಂದೆ ಒಂದು ದೀಪ ಇರುತ್ತದೆ. ಹಸಿರು, ಹಳದಿ, ಆಮೇಲೆ ಕೆಂಪು.

ಈಗ ನಮ್ಮ ಚರ್ಚಿನ ಪದ್ಧತಿ ಹೇಳಬೇಕು. ಮಾತಾಡಲು ಎದ್ದು ನಿಂತವರನ್ನು ನಾವು ಒಂಟಿಯಾಗಿ ಬಿಡುವುದಿಲ್ಲ. ಅವರು ಒಂದು ಮಾತು ಹೇಳಿದರೆ ನಾವು ಒಂದು ಮಾತು ಕೊಡಬೇಕು. ಸುಮ್ಮನೆ ಕೂತರೆ ಅವಮಾನ ಮಾಡಿದ ಹಾಗೆ.

ಅರ್ಲೀನ್ ಹೋಗಿ ನಿಂತಳು. "ನನ್ನ ಹೆಸರು ಅರ್ಲೀನ್ ಟೇಟ್."

"ಹೇಳಮ್ಮ, ಹೇಳು" ಅಂದ ಹಿಂದಿನ ಸಾಲಿನವನು.

"ಹಿಕರಿ ಬೀದೀಲಿ ನಲವತ್ನಾಲ್ಕು ವರ್ಷದಿಂದ ಇದೀನಿ."

"ಆಮೆನ್. ಇದಾಳೆ, ಇದಾಳೆ."

ಅವಳೂ ಚರ್ಚಿನವಳೇ. ಆಮೆನ್ ಮುಗಿಯುವವರೆಗೆ ಕಾದು ಮುಂದಿನ ಮಾತು ಹೇಳಿದಳು. ನಾವು ಚಪ್ಪಾಳೆ ತಟ್ಟಿದೆವು. ಅವಳು ಮತ್ತೆ ಕಾದಳು. ಹೋರೇಸನ ಜ್ವರದ ಕಥೆಗೆ ಬರುವಷ್ಟರಲ್ಲಿ ಕೆಂಪು ದೀಪ ಹತ್ತಿತು. ಕ್ಯಾಮೆರಾ ಎಂಬ ಮಾತು ಅವಳ ಬಾಯಿಂದ ಹೊರಟೇ ಇರಲಿಲ್ಲ. ಅಧ್ಯಕ್ಷೆ ಮೇಜು ಕುಟ್ಟಿದರು. ನಾವು ಇನ್ನೂ ಜೋರಾಗಿ ಕೂಗಿದೆವು. ಅವರು ಸಭಾಂಗಣ ಖಾಲಿ ಮಾಡಿಸಿದರು.

ಹೊರಗೆ ಮೆಟ್ಟಿಲ ಮೇಲೆ ಅರ್ಲೀನ್ ಕಿಡಿಕಿಡಿಯಾಗಿದ್ದಳು. "ನಾನು ಮೊದ್ಲೇ ಹೇಳಿರ್ಲಿಲ್ವಾ? ಅವರಿಗೆ ನಮ್ಮ ಮಾತು ಬೇಕಾಗಿಲ್ಲ."

"ಇಲ್ಲ ಕಣೆ" ಅಂದಳು ವರ್ಡೆಲ್. ಅವತ್ತು ಅವಳ ದನಿ ನಿಜಕ್ಕೂ ಸಣ್ಣದಾಗಿತ್ತು. "ದೀಪ ಎಲ್ಲರಿಗೂ ಒಂದೇ. ನಮ್ಮ ಆಮೆನ್‌ನಲ್ಲಿ ನಾವೇ ನಿನ್ನನ್ನ ಮುಳುಗಿಸಿದ್ವಿ."

ಉಳಿದಿದ್ದು ಜೂನ್ ತಿಂಗಳ ಒಂದೇ ಸಭೆ. ಜುಲೈ ಸಭೆ ಬರುವಷ್ಟರಲ್ಲಿ ತೊಂಬತ್ತು ದಿನ ದಾಟಿರುತ್ತದೆ.

ನಮ್ಮ ಜೊತೆಗೇ ಬಂದಿದ್ದ ಹೋರೇಸ್ ನಮ್ಮ ಮುಖಗಳನ್ನು ನೋಡಿ, ಏನಾಯಿತು ಅಂತ ಕೈಯಲ್ಲಿ ಕೇಳಿದ. ಅರ್ಲೀನ್ ಕೈಯಲ್ಲೇ ಹೇಳಿದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಎರಡೂ ಕೈ ಮೇಲೆತ್ತಿದ. ಒಂದರಲ್ಲಿ ಬಿಳಿ ಪಟ್ಟಿ. ಹತ್ತೂ ಬೆರಳನ್ನು ಗಾಳಿಗೆ ಸಿಕ್ಕ ಎಲೆಗಳ ಹಾಗೆ ಅಲ್ಲಾಡಿಸಿದ.

"ಏನದು?" ಅಂದೆ.

"ಅವರ ಚಪ್ಪಾಳೆ" ಅಂದಳು ಅರ್ಲೀನ್. "ಕಿವಿ ಕೇಳದೋರು ಹೀಗೇ ಚಪ್ಪಾಳೆ ಹೊಡೆಯೋದು."

ವರ್ಡೆಲ್ ಅವನನ್ನು ನೋಡಿದಳು. ನನ್ನನ್ನು ನೋಡಿದಳು. "ಬುಧವಾರ ಬೈಬಲ್ ಪಾಠಕ್ಕೆ ಇವನನ್ನ ಕರ್ಕೊಂಡು ಬಾ" ಅಂದಳು.

ನಾಲ್ಕು ಬುಧವಾರ ಹೋರೇಸ್ ನಮಗೆ ಮೇಷ್ಟ್ರಾದ. ಬಾಯಿ ಮುಚ್ಚಿಕೊಂಡಿರುವುದು ನಮ್ಮವರಿಗೆ ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು. ಒಬ್ಬಾಕೆ ಕರವಸ್ತ್ರವನ್ನು ಹಲ್ಲಲ್ಲಿ ಕಚ್ಚಿಕೊಂಡು ಅಭ್ಯಾಸ ಮಾಡಿದಳು. ವರ್ಡೆಲ್ ಸಭೆಯ ನಿಯಮದ ಹಾಳೆ ತಂದು ಕೊನೆಯ ಸಾಲಿನವರೆಗೂ ಓದಿದಳು. ಅಲ್ಲೇ ಸಿಕ್ಕಿತು ನೋಡಿ: ಚೀಟಿ ಕೊಟ್ಟವರು ತಮ್ಮ ಮೂರು ನಿಮಿಷವನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬಹುದು, ಆರು ಜನರವರೆಗೆ.

ಜೂನ್ ಎರಡನೇ ಮಂಗಳವಾರ. ಸಂಜೆ ಆರಾದರೂ ಕಿಟಕಿ ತುಂಬ ಬಿಸಿಲಿತ್ತು. ನೂರು ಜನ ಹೋಗಿದ್ದೆವು. ಆರು ಜನ ಒಬ್ಬೊಬ್ಬರಾಗಿ ಎದ್ದು, "ನನ್ನ ಮಾತು ಅರ್ಲೀನ್ ಟೇಟ್ ಅವರಿಗೆ" ಅಂತ ಹೇಳಿ ಕೂತರು. ಇಪ್ಪತ್ತೊಂದು ನಿಮಿಷ ಅವಳದಾಯಿತು.

ಅವಳಿಗೆ ಹದಿಮೂರೇ ಸಾಕಾಯಿತು. ದಿನ, ಹೊತ್ತು, ಗಾಡಿ ನಂಬರ್, ಕಾಗದದ ಆ ಸಾಲು. ಕೊನೆಗೆ ಅಂದಳು. "ನಾನು ಮೂರು ಸಲ ಕೂಗಿ ಹೇಳಿದೆ. ಯಾರೂ ಹೇಳಲಿಲ್ಲ ಅಂತ ಬರೆದಿದಾರೆ. ನನ್ನ ಕೂಗು ನಿಮ್ಮ ಪೆಟ್ಟಿಗೆಯೊಳಗಿದೆ. ಅಳಿಸೋಕೆ ಮುಂಚೆ ಒಂದು ಸಲ ಕೇಳಿ."

ಒಬ್ಬರೂ ಉಸಿರೆತ್ತಲಿಲ್ಲ. ವೇದಿಕೆಯ ಮೇಲೆ ಮಂಡಳಿಯವರ ಸಾಲಿನಲ್ಲಿದ್ದ ಆ ಅಡುಗೆಯಾಕೆ ಕನ್ನಡಕ ತೆಗೆದು ಕೆಳಗಿಟ್ಟಳು. "ಮುಖ್ಯಸ್ಥರೇ, ಆ ದಿನದ ಚಿತ್ರ ನೀವು ನೋಡಿದೀರಾ?"

ಪೊಲೀಸ್ ಮುಖ್ಯಸ್ಥ ಎದ್ದು ನಿಂತ. ಆರಡಿ ಆಳು. ಎದೆ ತುಂಬ ಪದಕ. ಟೋಪಿ ಕಂಕುಳಲ್ಲಿತ್ತು.

"ಇಲ್ಲ ಮೇಡಂ."

"ಯಾಕೆ?"

"ಯಾರೂ ಕೇಳಿರಲಿಲ್ಲ ಮೇಡಂ."

"ಈಗ ಕೇಳ್ತಿದೀವಿ."

ಒಂಬತ್ತು ಕೈ ಮೇಲೆ ಹೋದವು. ಚಿತ್ರ ಅಳಿಸುವ ಹಾಗಿಲ್ಲ ಅಂತ ಆಯಿತು. ನನ್ನ ಕಾಲು ನೆಲದ ಮೇಲಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ. ನನ್ನಪ್ಪ ಚರಂಡಿಯಲ್ಲಿ ನಿಂತಿದ್ದು ಕಣ್ಣಮುಂದೆ ಬಂತು. ಇಲ್ಲಿ ಮಕ್ಕಳಿಗೆ ಅಡುಗೆ ಮಾಡಿ ಬಡಿಸುವ ಒಬ್ಬ ಹೆಂಗಸು ಕೂತೇ ಇದ್ದಾಳೆ, ಪೊಲೀಸ್ ಮುಖ್ಯಸ್ಥ ನಿಂತಿದ್ದಾನೆ. ಯಾರೂ ದನಿ ಏರಿಸಿರಲಿಲ್ಲ.

ಆಗ ನೂರು ಜನರ ಇನ್ನೂರು ಕೈ ಮೇಲೆದ್ದವು. ಸಾವಿರ ಬೆರಳು ಬಿಸಿಲಲ್ಲಿ ಅಲ್ಲಾಡಿದವು. ತೋಳಿನ ಬಟ್ಟೆಯ ಸರಬರ ಬಿಟ್ಟರೆ ಸದ್ದಿಲ್ಲ. ಮೇಜು ಕುಟ್ಟಲು ಎತ್ತಿದ್ದ ಅಧ್ಯಕ್ಷೆಯ ಕೈ ಹಾಗೇ ನಿಂತಿತು. ಮುಂದಿನ ಸಾಲಿನಲ್ಲಿದ್ದ ಹೋರೇಸ್ ಹಿಂದೆ ತಿರುಗಿ ನೋಡಿದ. ಅರವತ್ತೊಂದು ವರ್ಷದಲ್ಲಿ ಒಂದು ಸಭೆಯ ಚಪ್ಪಾಳೆ ಅವನಿಗೆ ಮುಟ್ಟಿದ್ದು ಅದೇ ಮೊದಲು. ಅವನು ಎದ್ದು ನಿಂತು ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ನಿಧಾನವಾಗಿ ನೋಡಿದ, ಮೊದಲ ಸಲ ಸಮುದ್ರ ಕಂಡವನ ಹಾಗೆ.

ಆಗಸ್ಟಿನಲ್ಲಿ ಮಂಡಳಿ ಆ ಚಿತ್ರ ಹಾಕಿಸಿತು. ಅರ್ಲೀನಳ ದನಿ ಇತ್ತು. ಒಂದು, ಎರಡು, ಮೂರು. ಎರಡನೇ ಕೂಗಿಗೆ ಪೊಲೀಸ್ ತಲೆ ತಿರುಗಿಸಿದ್ದೂ ಅವನ ಜೊತೆಯವನ ಕ್ಯಾಮೆರಾದಲ್ಲಿತ್ತು. ಹೋರೇಸನ ಮೇಲಿನ ಕೇಸು ಬಿದ್ದುಹೋಯಿತು. ಸುಳ್ಳು ಬರೆದವನನ್ನು ಕೆಲಸದಿಂದ ಅಮಾನತು ಮಾಡಿದರು. ಮನೆಯಲ್ಲಿ ಕಿವಿ ಕೇಳಿಸದವರಿದ್ದರೆ, ಮನೆಯವರು ಒಪ್ಪಿದರೆ, ಫೋನ್ ತೆಗೆದುಕೊಂಡವರು ಗಾಡಿ ಹೊರಡುವ ಮೊದಲೇ ಅದನ್ನು ಪೊಲೀಸರಿಗೆ ತಿಳಿಸಬೇಕು ಅಂತ ನಗರಸಭೆ ನಿಯಮ ಮಾಡಿತು. ಹೋರೇಸನ ಮಣಿಕಟ್ಟು ಮಾತ್ರ ಮೊದಲಿನ ಹಾಗೆ ಆಗಲಿಲ್ಲ. ಬೆತ್ತ ಬಿಗಿಯುವಾಗ ಈಗಲೂ ನಿಲ್ಲಿಸಿ ಕೈ ಉಜ್ಜಿಕೊಳ್ಳುತ್ತಾನೆ.

ನಮ್ಮ ಬೀದಿ ಸಂಘವೂ ತನ್ನ ತಪ್ಪು ತಿದ್ದಿಕೊಂಡಿತು. ಹೊಸಬರು ಬಂದರೆ ಬಾಗಿಲಿಗೆ ಚೀಟಿ ಅಂಟಿಸಿ ಬರುವುದಿಲ್ಲ. ಕೈಹಿಡಿದು ಮನೆಮನೆಗೆ ಕರೆದುಕೊಂಡು ಹೋಗುತ್ತೇವೆ. ಮೂಲೆಮನೆಯವರು ಈಗ ಹೋರೇಸನ ಹತ್ತಿರ ಕೈಮಾತು ಕಲಿಯುತ್ತಿದ್ದಾರೆ. ತಪ್ಪು ಮಾಡಿದರೆ ಅವನು ಹಣೆ ಚಚ್ಚಿಕೊಳ್ಳುತ್ತಾನೆ.

ಇದನ್ನು ಓದುತ್ತಿರುವ ಅಕ್ಕ ಅಣ್ಣಂದಿರೇ, ನಮಗೆ ಪೊಲೀಸರು ಬೇಕು. ಅವರ ಮೇಲೆ ನಮ್ಮ ಕಣ್ಣೂ ಬೇಕು. ನಿಮ್ಮ ಊರಿನಲ್ಲಿ ಪೊಲೀಸರ ಮೇಲಿನ ದೂರನ್ನು ಕೇಳುವವರು ಯಾರು, ಅವರು ಕೂರುವುದು ಎಲ್ಲಿ ಅಂತ ಇವತ್ತೇ ತಿಳಿದುಕೊಳ್ಳಿ, ಬೇಕಾದ ದಿನ ಹುಡುಕಬೇಡಿ. ಬಾಯಲ್ಲಿ ಹೇಳಿ ಬರಬೇಡಿ, ಬರೆದು ಕೊಡಿ, ರಸೀದಿ ತೆಗೆದುಕೊಳ್ಳಿ. ತಾರೀಖು, ಹೊತ್ತು, ಗಾಡಿ ನಂಬರ್ ನೆನಪಿಟ್ಟುಕೊಳ್ಳಿ. ಗಡುವು ಎಷ್ಟು ದಿನ ಅಂತ ಕೇಳಿ. ಸಭೆಗೆ ಹೋಗಿ, ಒಬ್ಬರೇ ಹೋಗಬೇಡಿ. ನಿಮಗೆ ಮಾತು ಬಾರದಿದ್ದರೆ ನಿಮ್ಮ ನಿಮಿಷವನ್ನು ಮಾತು ಬರುವವರಿಗೆ ಕೊಡಿ. ನಾನು ಕೊಟ್ಟಿದ್ದು ಅಷ್ಟೇ, ಮೂರು ನಿಮಿಷ.

ನವೆಂಬರ್ ಎರಡು, ಗುರುವಾರ, ವರ್ಡೆಲ್ ಜಾರ್ಜಿಯಾದ ಮಗಳ ಮನೆಯಲ್ಲೇ ಇರಲು ಹೊರಟಳು. ಬೀದಿ ಸಂಘದ ಪುಸ್ತಕವನ್ನು ಅರ್ಲೀನಳ ಮಡಿಲಿಗೆ ಹಾಕಿ, "ಕೊನೇ ಸಾಲಿನವರೆಗೂ ಓದು" ಅಂದಳು. ಇಷ್ಟು ವರ್ಷ ಬಸ್ಸು ಓಡಿಸಿದವಳು ಅವತ್ತು ಕಿಟಕಿ ಪಕ್ಕದ ಸೀಟಿನಲ್ಲಿ ಕೂತಳು. ಬಸ್ಸು ನಮ್ಮ ಬೀದಿಯ ತುದಿಯಲ್ಲಿ ತಿರುಗುವಾಗ ಎಲ್ಲ ಜಗಲಿಗಳ ಮೇಲೂ ಜನ ನಿಂತಿದ್ದರು. ಯಾರೂ ಕೂಗಲಿಲ್ಲ. ಎಲ್ಲರೂ ಎರಡೂ ಕೈ ಮೇಲೆತ್ತಿದ್ದರು.