ಗೂಡಿನೊಳಗೆ ಅಡಗಿದೆ ನಿಧಿ

ಅತ್ತೆ ಓಬಳಮ್ಮನ ಮಾತುಗಳಲ್ಲಿ ಪವಿತ್ರಳ ಮೈ ಉರಿಸುತ್ತಿದ್ದದ್ದು ಒಂದೇ: "ಪಾಪ, ಅದುಕ್ಕೇನು ಗೊತ್ತಾಗತ್ತೆ." ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಪಾಪ ಅಂದವರನ್ನು ಏನು ಮಾಡುವುದು? ನಗರಗೆರೆಯ ಕಡಲೆಕಾಯಿ ಬೆಳೆಯುವ ಮನೆಯಿಂದ ಶಿಡ್ಲಘಟ್ಟದ ಪಕ್ಕದ ಈ ರೇಷ್ಮೆ ಮನೆಗೆ ಬಂದು, ಮಗಳು ಚಾರ್ವಿಗೇ ಎಂಟು ತುಂಬುತ್ತಿದ್ದರೂ ಅವಳು ಇನ್ನೂ ಪಾಪವೇ.

ಅದಕ್ಕೇ ಚಾರ್ವಿಯ ಹುಟ್ಟುಹಬ್ಬಕ್ಕೆ ಟ್ರೆಷರ್ ಹಂಟ್ ಮಾಡಿಸಿ, ತನಗೂ ತಲೆ ಇದೆಯೆಂದು ತೋರಿಸಲು ಹೊರಟಳು. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಸುಳಿವಿನ ಚೀಟಿಗಳನ್ನು ಪ್ರಾಸಬದ್ಧವಾಗಿ ಬರೆದಳು.

"ಕೇಕ್ ಕಟ್ ಮಾಡಿ ಕಳ್ಸೇ, ಯಾಕೀ ತಲೆನೋವು?" ಎಂದ ಗಂಡ ಮುರಳಿಮೋಹನ್, ಬುದ್ಧಿವಂತ, ಅವತ್ತು ಬೆಳಗ್ಗೆಯೇ ಚಿಂತಾಮಣಿಯಲ್ಲಿ ಕೆಲಸವಿದೆಯೆಂದು ಜಾಗ ಖಾಲಿ ಮಾಡಿದ.

ಓಬಳಮ್ಮನದು ಒಂದೇ ಷರತ್ತು. "ಹುಳ ಹಣ್ಣಾಗಿ ರೇಷ್ಮೆ ಸುತ್ತಕ್ಕೆ ಚಂದ್ರಿಕೆ ಹತ್ತವೆ ಕಣಮ್ಮ. ಒಂದು ಮಗೂನೂ ಹುಳು ಮನೆ ಕಡೆ ತಲೆ ಹಾಕ್ಬಾರ್ದು."

"ಹಾಕಲ್ಲ ಅತ್ತೆ."

ಕೊನೆಯ ಚೀಟಿ ಪವಿತ್ರಳಿಗೆ ಬಹಳ ಹಿಡಿಸಿತ್ತು: "ಗೂಡಿನೊಳಗೆ ಅಡಗಿದೆ ನಿಧಿ, ತೆಗೆದವರೇ ಇಂದಿನ ಅಧಿಪತಿ." ಪ್ರಾಸ ತುಸು ಕುಂಟುತ್ತಿತ್ತು, ಇರಲಿ. ನಡುಮನೆಯ ಗೋಡೆಯಲ್ಲಿ ಹಿಂದೆ ದೀಪ ಇಡುತ್ತಿದ್ದ ಗೂಡಿನಲ್ಲಿ ಚಾಕೊಲೇಟ್ ಡಬ್ಬಿ ಇಟ್ಟು, ವಿಡಿಯೋ ತೆಗೆಯಲು ಫೋನ್ ಹಿಡಿದು ಕಾದಳು.

ಮಕ್ಕಳು ತುಳಸಿ ಕಟ್ಟೆಗೆ ಓಡಿದರು, ಟ್ರ್ಯಾಕ್ಟರ್ ಹತ್ತಿ ಇಳಿದರು. ಕೊನೆಯ ಚೀಟಿ ಸಿಕ್ಕಿತೆಂದು ಕೂಗಿದರು. ಆಮೇಲೆ ಗಲಾಟೆ ನಿಂತೇಹೋಯಿತು. ನಡುಮನೆಗೆ ಯಾರೂ ಬರಲಿಲ್ಲ. ಅಷ್ಟರಲ್ಲಿ ಹಿತ್ತಲಿನಿಂದ ಓಬಳಮ್ಮ ಕಿರುಚಿದ್ದು ಕೇಳಿತು. ಸಿಟ್ಟು ನೆತ್ತಿಗೇರಿದರೆ ಮುದುಕಿಯ ಬಾಯಲ್ಲಿ ತೆಲುಗೇ ಬರುವುದು.

"ಏಮೇ ಇದಿ!"

ಪವಿತ್ರ ಓಡಿ ಬಂದು ನೋಡಿದರೆ, ಹುಳು ಮನೆಯ ಹೊರಗೆ ಮಕ್ಕಳು ಚಪ್ಪಲಿಗಳನ್ನು ಶಿಸ್ತಾಗಿ ಸಾಲಾಗಿ ಬಿಟ್ಟಿದ್ದರು. ಒಳಗೆ, ಹುಳುಗಳು ರೇಷ್ಮೆ ಸುತ್ತಿಕೊಂಡು ಕೂತಿದ್ದ ಬಿದಿರಿನ ಚಂದ್ರಿಕೆಯ ಸುತ್ತ ಮಕ್ಕಳು ಊಟಕ್ಕೆ ಕೂತಂತೆ ಕೂತಿದ್ದರು. ಪಕ್ಕದ ಮನೆಯ ಸಾಬ್ರೀನ್, ನೂಲು ತೆಗೆಯುವವರ ಮಗಳು, ಒಂದೊಂದೇ ಗೂಡನ್ನು ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. ಚಾರ್ವಿ ಕತ್ತರಿಯಿಂದ ಕುಯ್ಯುತ್ತಿದ್ದಳು.

"ಇದ್ರಲ್ಲೂ ನಿಧಿ ಇಲ್ಲ ಕಣೇ, ಬರೀ ಹುಳ!"

ಆ ಚಂದ್ರಿಕೆಯ ಕಥೆ ಮುಗಿದಿತ್ತು. ಶಿಡ್ಲಘಟ್ಟದ ಮಕ್ಕಳಿಗೆ ಗೂಡೆಂದರೆ ರೇಷ್ಮೆ ಗೂಡು. ಗೋಡೆಯಲ್ಲಿರುವ ಗೂಡನ್ನು ಯಾರು ಕೇಳುತ್ತಾರೆ?

"ಯಾರ್ರೇ ಹೇಳಿದ್ದು ನಿಮ್ಗೆ?"

"ಅಮ್ಮಾನೇ ಬರ್ದಿದ್ದು ಅಜ್ಜಿ," ಎಂದು ಚಾರ್ವಿ ಚೀಟಿ ಕೊಟ್ಟಳು.

ಓಬಳಮ್ಮ ಅಕ್ಷರ ಕೂಡಿಸಿ ಓದಿದಳು. ಸೊಸೆಯತ್ತ ತಿರುಗಿದಳು. ಅವಳ ಮುಖದ ಸಿಟ್ಟು ಮೆಲ್ಲಗೆ ಇಳಿದು ಕನಿಕರ ಏರತೊಡಗಿತು. ತುಟಿ "ಪಾ" ಎನ್ನಲು ಕೂಡಿಕೊಂಡಿತು. ಇದೊಂದನ್ನು ಇವತ್ತು ಕೇಳಿದರೆ ಸಾಯುವ ತನಕ ಕೇಳಬೇಕೆಂದು ಪವಿತ್ರಳಿಗೆ ಖಾತ್ರಿಯಾಯಿತು.

"ಗೊತ್ತಿದ್ದೇ ಬರ್ದೆ ಅತ್ತೆ," ಎಂದುಬಿಟ್ಟಳು.

"ಏನಂದೆ?"

"ಬೇಕಂತಲೇ ಬರ್ದೆ. ಮಕ್ಕಳೂ ಗೂಡು ಬಿಚ್ಚಿ ನೋಡಿ ಕಲೀಲಿ ಅಂತ. ನೀವೊಬ್ರೇ ಕಲ್ತಿದ್ರೆ ಸಾಕಾ?"

ಆಮೇಲೆ ಬಿದ್ದ ಬೈಗುಳ ಎರಡು ಭಾಷೆಯದು. ಗಯ್ಯಾಳಿ, ಮನೆಹಾಳಿ, ಕೊಬ್ಬು, ಇನ್ನೂ ಏನೇನೋ. ಹಾಳಾದ ಹುಳುಗಳ ಬಗ್ಗೆ ಪವಿತ್ರಳಿಗೆ ನಿಜಕ್ಕೂ ಬೇಜಾರಾಯಿತು. ಆದರೆ ಬೈಗುಳದಲ್ಲಿ ಒಂದೂ ಪಾಪ ಇರಲಿಲ್ಲ, ಅವಳು ಗಮನವಿಟ್ಟು ಕೇಳಿದಳು. ಅತ್ತೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನಡುಮನೆಗೆ ಓಡಿ, ಯಾರ ಕಣ್ಣಿಗೂ ಬೀಳದಂತೆ ಚಾಕೊಲೇಟ್ ಡಬ್ಬಿಯನ್ನು ಗೋಡೆಯ ಗೂಡಿನಿಂದ ಎತ್ತಿ ತಂದು ಮಕ್ಕಳಿಗೆಲ್ಲ ಹಂಚಿಬಿಟ್ಟಳು.

ಸಂಜೆ ಸಾಬ್ರೀನ್‌ಳನ್ನು ಕರೆದೊಯ್ಯಲು ಅವಳ ತಾಯಿ ಶಕೀಲಾ ಬಂದಳು. ಪವಿತ್ರ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಇಟ್ಟಿದ್ದಳು. ಜಗುಲಿಯ ಮೇಲೆ ಓಬಳಮ್ಮ ದೂರು ಹೇಳುತ್ತಿದ್ದಳು.

"ನಮ್ ಸೊಸೆ ಬಲೇ ಕಿಲಾಡಿ ಕಣಮ್ಮ ಶಕೀಲಾ. ಏನೂ ಗೊತ್ತಿಲ್ಲ ಅನ್ಕೊಂಡಿದ್ದೆ. ಎಲ್ಲಾ ಗೊತ್ತು ಅದುಕ್ಕೆ! ನನ್ನೇ ನುಂಗಿ ನೀರು ಕುಡೀತಾಳೆ."

ಪವಿತ್ರ ಬಾಗಿಲ ಮರೆಯಲ್ಲಿ ಹಲ್ಲು ಕಿರಿಯುತ್ತ, ಒಗ್ಗರಣೆ ಸೀದು ಹೊಗೆ ಏಳುವವರೆಗೂ ಕೇಳುತ್ತ ನಿಂತಳು.